ಆರು ದಿನ, ಐದು ಪಂದ್ಯ: ಸುವಾನಿ ಗುಡ್ಡದ ಕಾಲೇಜು ಹುಡುಗರು

ಅಮೆರಿಕದ ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್ ನಗರದಿಂದ ಆಗ್ನೇಯಕ್ಕೆ ಸುಮಾರು 150 ಕಿಲೋಮೀಟರ್ ಹೋದರೆ ಕಂಬರ್‌ಲ್ಯಾಂಡ್ ಪ್ರಸ್ಥಭೂಮಿಯ ಏರು ಸಿಗುತ್ತದೆ. ಅದರ ತಲೆಯ ಮೇಲೆ, ಸುಮಾರು 2000 ಅಡಿ ಎತ್ತರದಲ್ಲಿ ಸುವಾನಿ ಎಂಬ ಪುಟ್ಟ ಊರು. ಊರೆಂದರೆ ಕಾಲೇಜು, ಕಾಲೇಜೆಂದರೆ ಊರು. ಸುತ್ತ 13,000 ಎಕರೆ ಕಾಡು ಕಾಲೇಜಿನದೇ. ಕಟ್ಟಡಗಳೆಲ್ಲ ಮರಳುಗಲ್ಲಿನವು. ಒಳ್ಳೆಯ ಅಂಕ ಪಡೆದವರು ಕಪ್ಪು ಗೌನು ತೊಟ್ಟು ತರಗತಿಗೆ ಹೋಗುವ ಹಳೆಯ ಪದ್ಧತಿ ಇಲ್ಲಿದೆ. ಹಿಂದೆ ಕಲ್ಲಿದ್ದಲು ಇಳಿಸಲು ಹಾಕಿದ್ದ ರೈಲು ದಾರಿ ಈಗ ಕಾಲುದಾರಿಯಾಗಿದೆ. ಅದರ ಹೆಸರು 'ಬೆಟ್ಟದ ಮೇಕೆ'!

ಈ ಕಾಲುದಾರಿಯಲ್ಲಿ ರೈಲು ಓಡುತ್ತಿದ್ದ ಕಾಲದಲ್ಲಿ, 1899ರ ನವೆಂಬರ್‌ನಲ್ಲಿ, ಕಾಲೇಜಿನ ಸುಮಾರು ಇಪ್ಪತ್ತು ಹುಡುಗರು ಗುಡ್ಡ ಇಳಿದು ಫುಟ್‌ಬಾಲ್ ಆಡಲು ಹೊರಟರು. ಕಾರಣ ಹಣ. ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದೊಂದಿಗೆ ಟಿಕೆಟ್ ಹಣದ ಪಾಲಿನ ಜಗಳವಾಗಿ ಆ ವರ್ಷದ ಪಂದ್ಯ ತಪ್ಪಿತ್ತು. ವರಮಾನ ಹೋಯಿತು. ಆಗ ತಂಡದ ವ್ಯವಸ್ಥಾಪಕನಾಗಿದ್ದ ಲ್ಯೂಕ್ ಲೀ, ತಾನೂ ವಿದ್ಯಾರ್ಥಿಯೇ, ನಷ್ಟ ತುಂಬಲು ಒಂದೇ ಪ್ರವಾಸದಲ್ಲಿ ಐದು ಪಂದ್ಯಗಳನ್ನು ಗೊತ್ತುಮಾಡಿದ. ಹೋಗಿ ಬರಲು ಸುಮಾರು 2500 ಮೈಲಿ, ಎಲ್ಲವೂ ರೈಲಿನಲ್ಲಿ.

ಹೊರಟ ಮೇಲೆ ಗೊತ್ತಾಯಿತಂತೆ, ಆಟದ ಬೂಟುಗಳ ಮೂಟೆ ಸುವಾನಿಯ ಪ್ಲಾಟ್‌ಫಾರ್ಮಿನಲ್ಲೇ ಉಳಿದಿದೆ ಎಂದು. ಮುಂದಿನ ರೈಲಿನಲ್ಲಿ ತರಿಸಿಕೊಂಡರು. ಮರೆಯದೆ ಒಯ್ದದ್ದು ಮಾತ್ರ ಎರಡು ಪೀಪಾಯಿ ಸುವಾನಿಯ ಬುಗ್ಗೆ ನೀರು. ಇದು ಬರಿಯ ಮೂಢನಂಬಿಕೆಯಲ್ಲ. ಟೈಫಾಯಿಡ್ ನೀರಿನಿಂದ ಹರಡುತ್ತಿದ್ದ ಕಾಲ ಅದು. ಅಮೆರಿಕದ ನಗರಗಳಲ್ಲಿ ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸುವುದು ರೂಢಿಗೆ ಬಂದದ್ದು 1908ರ ನಂತರ.

ಆಗಿನ ಅಮೆರಿಕನ್ ಫುಟ್‌ಬಾಲನ್ನು ತಿಳಿಯದೆ ಈ ಪ್ರವಾಸದ ಕಷ್ಟ ತಿಳಿಯದು. ಹೆಸರು ಫುಟ್‌ಬಾಲ್ ಆದರೂ ಚೆಂಡನ್ನು ಅಪ್ಪಿ ಹಿಡಿದು ನುಗ್ಗುವ ಆಟ. ಮೂರು ಯತ್ನಗಳಲ್ಲಿ ಐದು ಗಜ ಮುಂದೆ ಸಾಗಬೇಕು. ಈಗಿನಂತೆ ಚೆಂಡನ್ನು ಮುಂದಕ್ಕೆ ಎಸೆಯುವಂತಿರಲಿಲ್ಲ. ಆ ಅನುಮತಿ ಸಿಕ್ಕಿದ್ದು 1906ರಲ್ಲಿ. ಆದ್ದರಿಂದ ಗುಂಪಿಗೆ ಗುಂಪು ಡಿಕ್ಕಿ. 35 ನಿಮಿಷಗಳ ಎರಡು ಅವಧಿ, ಹೊರಗೆ ಹೋದವನು ಮತ್ತೆ ಬರುವಂತಿಲ್ಲ. ಇಂಥ ಶ್ರಮದಿಂದ ಸ್ನಾಯುತಂತುಗಳಲ್ಲಿ ಸಣ್ಣ ಸಣ್ಣ ಹರಕುಗಳಾಗುತ್ತವೆ. ನೋವು ಹೆಚ್ಚುವುದು ಒಂದರಿಂದ ಮೂರು ದಿನಗಳ ನಡುವೆ. ಅಂದರೆ ಮೊದಲ ಪಂದ್ಯದ ನೋವು ಏರುವ ಹೊತ್ತಿಗೆ ಇವರು ಮೂರನೆಯದನ್ನು ಆಡುತ್ತಿದ್ದರು.

ನವೆಂಬರ್ 9ರಂದು ಆಸ್ಟಿನ್‌ನಲ್ಲಿ ಟೆಕ್ಸಾಸ್ ವಿರುದ್ಧ 12-0. ರಾತ್ರಿ ರೈಲು, ಮರುದಿನ ಹೂಸ್ಟನ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿರುದ್ಧ 10-0. ಮತ್ತೆ ರೈಲು, ನ್ಯೂ ಆರ್ಲಿಯನ್ಸ್‌ನಲ್ಲಿ ಟುಲೇನ್ ವಿರುದ್ಧ 23-0. ಭಾನುವಾರ ವಿಶ್ರಾಂತಿ, ಬಿಷಪ್ಪರು ಕಟ್ಟಿದ ಕಾಲೇಜಲ್ಲವೆ! ಸೋಮವಾರ ಬ್ಯಾಟನ್ ರೂಜ್‌ನಲ್ಲಿ ಲೂಸಿಯಾನಾ ಸ್ಟೇಟ್ ವಿರುದ್ಧ 34-0, ಮಂಗಳವಾರ ಮೆಂಫಿಸ್‌ನಲ್ಲಿ ಮಿಸಿಸಿಪ್ಪಿ ವಿರುದ್ಧ 12-0. ಆರು ದಿನ, ಐದು ಗೆಲುವು, ಎದುರಾಳಿಗಳಿಗೆ ಒಂದು ಅಂಕವೂ ಇಲ್ಲ.

ಆ ಋತುವಿನ 12 ಪಂದ್ಯಗಳನ್ನೂ ಗೆದ್ದರು. ಒಟ್ಟು ಅಂಕ 322, ಬಿಟ್ಟುಕೊಟ್ಟದ್ದು 10. ಆ ಹತ್ತನ್ನೂ ಪಡೆದದ್ದು ಜಾನ್ ಹೈಸ್ಮನ್ ತರಬೇತಿಯ ಆಬರ್ನ್ ಒಂದೇ. ಅಲ್ಲಿ ಸುವಾನಿ ಗೆದ್ದದ್ದು 11-10ರಿಂದ.

ಈ ಕಥೆಗೆ ಇನ್ನೊಂದು ಮುಖವೂ ಇದೆ. 1857ರಲ್ಲಿ ಈ ವಿದ್ಯಾಸಂಸ್ಥೆಯನ್ನು ಆರಂಭಿಸಿದವರು ಗುಲಾಮಗಿರಿಯಿದ್ದ ರಾಜ್ಯಗಳ ಬಿಷಪ್ಪರು. ತಂಡದ ಆಟಗಾರರೆಲ್ಲ ಬಿಳಿಯರು. ಕಪ್ಪು ಜನಾಂಗದ ವಿದ್ಯಾರ್ಥಿಗೆ ಇಲ್ಲಿನ ಧರ್ಮಶಾಸ್ತ್ರ ಶಾಲೆಯ ಬಾಗಿಲು ತೆರೆದದ್ದು 1953ರಲ್ಲಿ, ಅದೂ ಅಧ್ಯಾಪಕರು ರಾಜೀನಾಮೆ ಕೊಟ್ಟ ಮೇಲೆ. ಗೆಲುವಿನ ಪಟ್ಟಿ ಓದುವವರು ಇದನ್ನೂ ಓದಬೇಕು.

ಲ್ಯೂಕ್ ಲೀ ಮುಂದೆ ಅಮೆರಿಕದ ಸೆನೆಟ್ ಸದಸ್ಯನಾದ. ಕಾಲೇಜಿನ ಆಟದ ಕಥೆ ಮಾತ್ರ ಬೇರೆ ದಾರಿ ಹಿಡಿಯಿತು. 1932ರಲ್ಲಿ ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳ ಹೊಸ ಕ್ರೀಡಾ ಒಕ್ಕೂಟವನ್ನು ಸುವಾನಿ ಸೇರಿತು. ಅಲ್ಲಿ ಒಂದೇ ಒಂದು ಫುಟ್‌ಬಾಲ್ ಪಂದ್ಯವನ್ನೂ ಗೆಲ್ಲಲಿಲ್ಲ. ಸೋಲಿಗಿಂತ ದೊಡ್ಡ ಪ್ರಶ್ನೆ ಎದುರಾಯಿತು: ಆಟಗಾರರನ್ನು ಹಣ ಕೊಟ್ಟು ತರಬೇಕೆ, ಇರುವ ವಿದ್ಯಾರ್ಥಿಗಳೇ ಆಡಬೇಕೆ? ಕುಲಪತಿ ಅಲೆಕ್ಸಾಂಡರ್ ಗ್ವೆರಿ ಎರಡನೆಯದನ್ನು ಆರಿಸಿದರು. 1940ರಲ್ಲಿ ಸುವಾನಿ ಒಕ್ಕೂಟ ಬಿಟ್ಟಿತು.

1899ರಲ್ಲಿ ಸೋತ ಟೆಕ್ಸಾಸ್, ಎ ಅಂಡ್ ಎಂ, ಲೂಸಿಯಾನಾ ಸ್ಟೇಟ್ ತಂಡಗಳ ಕ್ರೀಡಾಂಗಣಗಳಲ್ಲಿ ಇಂದು ತಲಾ ಒಂದು ಲಕ್ಷದಷ್ಟು ಜನ ಕೂಡುತ್ತಾರೆ. ಸುಮಾರು 1,700 ವಿದ್ಯಾರ್ಥಿಗಳ ಸುವಾನಿ 1891ರಿಂದ ಆಡುತ್ತ ಬಂದ ಅದೇ ಗುಡ್ಡದ ಮೈದಾನದಲ್ಲಿ ಆಡುತ್ತದೆ. ಕ್ರೀಡಾ ವಿದ್ಯಾರ್ಥಿವೇತನವಿಲ್ಲ. ಶನಿವಾರ ಪಂದ್ಯ ಮುಗಿಸಿದ ಹುಡುಗ ಸೋಮವಾರ ಬೆಳಿಗ್ಗೆ ಎಲ್ಲರಂತೆ ತರಗತಿಯಲ್ಲಿರುತ್ತಾನೆ. ಅಂಕ ಚೆನ್ನಾಗಿದ್ದರೆ ಕಪ್ಪು ಗೌನು ತೊಟ್ಟು.