ಕನಸಿನ ಫೇರ್ ಕಾಪಿ

ಕನಸುಗಳನ್ನು ಬರೆದಿಡಲು ಯಾಕೆ ಶುರುಮಾಡಿದೆ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಒಂದು ಒಳ್ಳೆಯ ಉತ್ತರ ಸಿದ್ಧವಿದೆ. ನನ್ನನ್ನು ನಾನು ತಿಳಿದುಕೊಳ್ಳುವುದಕ್ಕೆ ಎನ್ನುತ್ತೇನೆ. ಇದು ಪೂರ್ತಿ ಸುಳ್ಳಲ್ಲ. ಆದರೆ ಮೊದಲು ಹುಟ್ಟಿದ ಕಾರಣ ಇದಲ್ಲ. ಮೊದಲು ಹುಟ್ಟಿದ್ದು ಒಂದು ಆಸೆ, ಅಥವಾ ಆಸೆಗಿಂತ ಹೊಟ್ಟೆಕಿಚ್ಚಿಗೆ ಹತ್ತಿರವಾದ ಒಂದು ಭಾವನೆ. ಕಾದಂಬರಿಕಾರ ಗ್ರಹಾಂ ಗ್ರೀನ್ ವರ್ಷಗಟ್ಟಲೆ ಕನಸಿನ ಡೈರಿ ಬರೆದಿದ್ದರು, ಅದರಿಂದ ಆಯ್ದದ್ದು ಅವರು ತೀರಿಕೊಂಡ ಮರುವರ್ಷ, 1992ರಲ್ಲಿ, ಪುಸ್ತಕವಾಗಿ ಬಂತು. ಇನ್ನೊಬ್ಬ ಕಾದಂಬರಿಕಾರ ನಬೊಕೊವ್ 1964ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿದ್ದಾಗ ಬೆಳಗ್ಗೆ ಏಳುತ್ತಲೇ ಕನಸನ್ನು ಕಾರ್ಡುಗಳ ಮೇಲೆ ಬರೆದಿಡುತ್ತಿದ್ದರು. ಇದನ್ನೆಲ್ಲ ಓದಿದಾಗ ನನಗೆ ಅನ್ನಿಸಿದ್ದು, ನನ್ನೊಳಗೂ ಇಂಥದೇನೋ ಇರಲೇಬೇಕು ಎಂದು. ಹಗಲೆಲ್ಲ ಲೆಕ್ಕಪತ್ರ, ಅಡುಗೆ, ಅಮ್ಮನ ಮಾತ್ರೆ, ಗ್ಯಾಸಿನವನಿಗೆ ಫೋನು. ರಾತ್ರಿಯ ನಾನಾದರೂ ಬೇರೆ ಯಾರೋ ಆಗಿರಬಹುದಲ್ಲ.

ಅಂದರೆ ತಿಳಿದುಕೊಳ್ಳುವುದಕ್ಕಿಂತ ಹೆಚ್ಚಾಗಿ ಸಾಬೀತು ಮಾಡುವುದು ನನಗೆ ಬೇಕಿತ್ತು. ಯಾರಿಗೆ ಎಂದು ಕೇಳಿದರೆ ಹೇಳಲಾರೆ. ಕನಸು ಬರೆದಿಡಲು ತಂದ ಪುಸ್ತಕವನ್ನು ಯಾರಿಗೂ ತೋರಿಸುವ ಉದ್ದೇಶವಿರಲಿಲ್ಲ. ಹಾಗೆಂದು ಬರೆಯುತ್ತಿರುವಾಗಲೇ ಅನುಮಾನ ಬರುತ್ತದೆ. ಯಾರೂ ಓದದಿರಲಿ ಎನ್ನುವವಳು ಅಷ್ಟು ಒಳ್ಳೆಯ ಪುಸ್ತಕವನ್ನು, ದಾರದ ಹೊಲಿಗೆಯದನ್ನು, ಹುಡುಕಿ ತರುತ್ತಿರಲಿಲ್ಲ.

ಬರೆಯುವ ಕ್ರಮ ಕಷ್ಟದ್ದಲ್ಲ. ಎಚ್ಚರವಾದಾಗ ಮಗ್ಗುಲು ಬದಲಿಸಬಾರದು, ದೀಪ ಹಾಕಬಾರದು, ಮೊಬೈಲು ಮುಟ್ಟಲೇಬಾರದು. ಕಣ್ಣು ಮುಚ್ಚಿಕೊಂಡೇ ಕೊನೆಯ ತುಣುಕನ್ನು ಹಿಡಿದು ಅಲ್ಲಿಂದ ಹಿಂದಕ್ಕೆ ಹೋಗಬೇಕು. ಆಮೇಲೆ ದಿಂಬಿನ ಪಕ್ಕದ ಚೀಟಿಯ ಮೇಲೆ ನಾಲ್ಕು ಶಬ್ದ. ತಾರೀಖನ್ನು ಹಿಂದಿನ ರಾತ್ರಿಯೇ ಹಾಕಿಟ್ಟರೆ ಒಳ್ಳೆಯದು, ಬೆಳಗ್ಗೆ ತಾರೀಖು ನೆನಪಿಸಿಕೊಳ್ಳುವಷ್ಟರಲ್ಲಿ ಕನಸು ಹೋಗಿರುತ್ತದೆ. 1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್, ನಿದ್ದೆಯಲ್ಲಿ ಕಣ್ಣುಗುಡ್ಡೆಗಳು ಚುರುಕಾಗಿ ಓಡಾಡುವ ಒಂದು ಹಂತವಿದೆ, ಆಗ ಎಬ್ಬಿಸಿದರೆ ಜನ ಹೆಚ್ಚಾಗಿ ಕನಸನ್ನು ಹೇಳುತ್ತಾರೆ ಎಂದು ತೋರಿಸಿದರು. ಈ ಹಂತ ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ಬರುತ್ತದೆ, ಬೆಳಗಾಗುತ್ತಾ ಹೋದಂತೆ ಉದ್ದವಾಗುತ್ತದೆ. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂದು ನಮ್ಮ ಮನೆಯ ಹಿರಿಯರು ಹೇಳುತ್ತಿದ್ದುದಕ್ಕೂ ಇದಕ್ಕೂ ಸಂಬಂಧ ಇರಬಹುದು ಎಂದು ನನ್ನ ಎಣಿಕೆ. ನಿಜವಾಗುವ ಮಾತು ಬಿಡಿ, ನೆನಪಿನಲ್ಲಿ ಉಳಿಯುವುದಂತೂ ಆ ಹೊತ್ತಿನದೇ.

ಮೊದಲ ಕೆಲವು ವಾರ ಸಿಕ್ಕಿದ್ದೆಲ್ಲ ನಿರಾಸೆ. ಬಸ್ಸು ತಪ್ಪಿತು. ಪರೀಕ್ಷೆಯ ಹಾಲ್ ಟಿಕೆಟ್ ಮನೆಯಲ್ಲೇ ಉಳಿಯಿತು. ಯಾರದೋ ಮದುವೆಯಲ್ಲಿ ಚಪ್ಪಲಿ ಕಳೆಯಿತು. ಆಫೀಸಿನ ಲೆಕ್ಕ ಎಷ್ಟು ಕೂಡಿದರೂ ತಾಳೆಯಾಗಲಿಲ್ಲ. ಇವೆಲ್ಲ ನನ್ನ ಹಗಲೇ, ಇನ್ನಷ್ಟು ಕೆಟ್ಟ ಬೆಳಕಿನಲ್ಲಿ. ಇಂಥವನ್ನು ಚೀಟಿಯಲ್ಲಿ ಬರೆದರೂ ಪುಸ್ತಕಕ್ಕೆ ಏರಿಸಲು ಮನಸ್ಸಾಗುತ್ತಿರಲಿಲ್ಲ.

ಇಲ್ಲಿ ಚೀಟಿ ಬೇರೆ, ಪುಸ್ತಕ ಬೇರೆ ಆದದ್ದನ್ನು ಹೇಳಬೇಕು. ಕತ್ತಲಲ್ಲಿ ಗೀಚಿದ್ದು ನನಗೇ ಓದಲು ಬರುತ್ತಿರಲಿಲ್ಲ. ಒಟ್ಟೊ ಲೋವಿ ಎಂಬ ವಿಜ್ಞಾನಿಯ ಕಥೆ ಆಗ ನೆನಪಾಯಿತು. ನರಗಳು ಹೃದಯಕ್ಕೆ ಸುದ್ದಿ ಮುಟ್ಟಿಸುವುದು ರಾಸಾಯನಿಕದ ಮೂಲಕವೇ ಎಂದು ಪರೀಕ್ಷಿಸುವ ದಾರಿ ಅವರಿಗೆ ಕನಸಿನಲ್ಲಿ ಹೊಳೆದಿತ್ತು. ರಾತ್ರಿಯೇ ಎದ್ದು ಬರೆದಿಟ್ಟರು, ಬೆಳಗ್ಗೆ ನೋಡಿದರೆ ಅಕ್ಷರ ತಿಳಿಯಲಿಲ್ಲ. ಮರುರಾತ್ರಿ ಅದೇ ಮತ್ತೆ ಬಂದಾಗ ಬರೆಯುತ್ತಾ ಕೂರಲಿಲ್ಲ, ನೇರ ಪ್ರಯೋಗಾಲಯಕ್ಕೆ ಹೋಗಿ ಕಪ್ಪೆಯ ಹೃದಯಗಳ ಮೇಲೆ ಪ್ರಯೋಗ ಮಾಡಿದರು. 1936ರಲ್ಲಿ ಅವರಿಗೆ ನೊಬೆಲ್ ಬಂತು. ಅವರಿಗೆ ಎರಡನೆಯ ರಾತ್ರಿ ಸಿಕ್ಕಿತು, ಎಲ್ಲರಿಗೂ ಸಿಗುವುದಿಲ್ಲ. ಆದ್ದರಿಂದ ಅದೇ ಬೆಳಗ್ಗೆ, ಕಾಫಿ ಆದ ಮೇಲೆ, ಚೀಟಿ ನೋಡಿ ಪುಸ್ತಕಕ್ಕೆ ಫೇರ್ ಕಾಪಿ ಮಾಡುವುದೆಂದು ನಿಯಮ ಮಾಡಿಕೊಂಡೆ. ನಿಯಮ ಸರಿಯಾಗಿಯೇ ಕಂಡಿತು. ನಾನು ಕೆಟ್ಟದ್ದು ಅಲ್ಲಿಂದಲೇ.

ಫೇರ್ ಕಾಪಿ ಮಾಡುವಾಗ ಕೈ ಸುಮ್ಮನಿರುವುದಿಲ್ಲ. ಚೀಟಿಯಲ್ಲಿ ‘ಬಸ್‌ಸ್ಟ್ಯಾಂಡು, ಮಳೆ, ಯಾರೋ’ ಎಂದಿದ್ದರೆ ಪುಸ್ತಕದಲ್ಲಿ ಆ ಯಾರೋ ಬೆನ್ನು ತಿರುಗಿಸಿ ನಿಂತಿರುತ್ತಿದ್ದರು. ಬೆನ್ನು ತಿರುಗಿಸಿದ್ದು ಕನಸಿನಲ್ಲೋ ಪೆನ್ನಿನಲ್ಲೋ ಎಂದು ನನಗೆ ಖಾತ್ರಿಯಿಲ್ಲ, ಆದರೆ ಬೆನ್ನು ತಿರುಗಿಸಿದರೆ ಕನಸು ಕನಸಿನಂತೆ ಕಾಣುತ್ತಿತ್ತು. ಅದಕ್ಕೊಂದು ನಿಗೂಢತೆ ಬರುತ್ತಿತ್ತು. ಎಚ್ಚರವಾಗುವ ಹೊತ್ತಿಗೆ ಮನಸ್ಸೇ ಕನಸಿನ ಚೂರುಗಳನ್ನು ಹೊಂದಿಸಿ ಕಥೆಯ ಹಾಗೆ ಮಾಡಿಕೊಂಡಿರುತ್ತದೆ ಎಂದು ಫ್ರಾಯ್ಡ್ ಹೇಳಿದ್ದಾರೆ. ಅದನ್ನು ಓದಿ ನನಗೆ ಸಮಾಧಾನವಾಗಿತ್ತು. ತಿದ್ದಿದ್ದು ನಾನಲ್ಲ, ಮನಸ್ಸು. ತಮ್ಮ ಕನಸುಗಳನ್ನು ಲೋಕದ ಮುಂದಿಟ್ಟ ಆ ಪುಸ್ತಕದ ಮುನ್ನುಡಿಯಲ್ಲೇ ಅವರು ಕೆಲವು ಕಡೆ ಬಿಟ್ಟಿದ್ದೇನೆ, ಕೆಲವು ಕಡೆ ಬದಲಿಸಿದ್ದೇನೆ ಎಂದು ಒಪ್ಪಿಕೊಂಡಿದ್ದೂ ಸಮಾಧಾನ ಕೊಟ್ಟಿತ್ತು. ಅವರು ಅಚ್ಚು ಹಾಕಿಸುವುದಕ್ಕಾಗಿ ಬಿಟ್ಟರು. ಬೀರುವಿನಲ್ಲಿಡುವ ಪುಸ್ತಕದಲ್ಲಿ ನಾನು ಯಾಕೆ ಬಿಡಬೇಕಿತ್ತು ಎಂದು ಆಗ ಕೇಳಿಕೊಳ್ಳಲಿಲ್ಲ.

ಅಮ್ಮನ ಕನಸು ಬಿದ್ದದ್ದು ಇಷ್ಟೆಲ್ಲ ರೂಢಿಯಾದ ಮೇಲೆ. ಪಾರ್ಶ್ವವಾಯು ಹೊಡೆದ ಮೇಲೆ ಅಮ್ಮ ನಮ್ಮ ಮನೆಯಲ್ಲೇ ಇದ್ದಾಳೆ. ಮುಂದಿನ ಕೋಣೆ ಅವಳದು. ಅದು ಮೊದಲು ನಾನು ಓದಿ ಬರೆಯುವ ಕೋಣೆಯಾಗಿತ್ತು, ಕಿಟಕಿಯಿಂದ ಒಳ್ಳೆಯ ಬೆಳಕು ಬರುತ್ತದೆ. ಕನಸಿನಲ್ಲಿ ಆ ಕೋಣೆ ಖಾಲಿಯಾಗಿತ್ತು. ಹೊಸದಾಗಿ ಬಳಿದ ಸುಣ್ಣದ ವಾಸನೆ. ನಾನು ಟೇಪು ಹಿಡಿದು ಕಿಟಕಿಯ ಕೆಳಗಿನ ಜಾಗ ಅಳೆಯುತ್ತಿದ್ದೆ, ಮೇಜು ಹಿಡಿಸುತ್ತದೆಯೇ ಎಂದು. ಯಾರೋ ಬಾಗಿಲಲ್ಲಿ ನಿಂತು ಅಮ್ಮ ಹೋದರಂತೆ ಎಂದರು. ಹೌದು, ಬೆಳಗ್ಗೆ ಎಂದೆ, ಅಳೆಯುವುದನ್ನು ನಿಲ್ಲಿಸಲಿಲ್ಲ. ಮೇಜು ಸರಿಯಾಗಿ ಕೂರುತ್ತಿತ್ತು. ನನಗೆ ಬಹಳ ಖುಷಿಯಾಗಿತ್ತು. ಎಚ್ಚರವಾದ ಮೇಲೂ ಆ ಖುಷಿ ಸ್ವಲ್ಪ ಹೊತ್ತು ಹಾಗೇ ಇತ್ತು, ಆಚೆ ಕೋಣೆಯಿಂದ ಅವಳ ಕೆಮ್ಮು ಕೇಳಿಸುವವರೆಗೆ.

ಚೀಟಿಯಲ್ಲಿ ಬರೆದದ್ದು ನೆನಪಿದೆ. ಅಮ್ಮ ಇಲ್ಲ. ಸುಣ್ಣ. ಟೇಪು. ಖುಷಿ. ಪುಸ್ತಕದಲ್ಲಿರುವುದು ಹೀಗೆ: ‘ಅಮ್ಮ ತೀರಿಕೊಂಡಂತೆ ಕನಸು. ಖಾಲಿ ಕೋಣೆ. ಸುಣ್ಣದ ವಾಸನೆ. ತುಂಬಾ ಅತ್ತೆ.’

ಆ ದಿನ ಬೆಳಗ್ಗೆ ಕಾಫಿ ಕುಡಿಸುವಾಗ ಅಮ್ಮನಿಗೂ ಹೇಳಿದೆ, ನೀನು ಸತ್ತಂತೆ ಕನಸು ಬಿತ್ತು ಎಂದು. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಸತ್ತಂತೆ ಕಂಡರೆ ಆಯುಸ್ಸು ಗಟ್ಟಿ ಎಂದಳು, ಪಕ್ಕದ ಮನೆಯವರು ಬಂದಾಗ ಅವರಿಗೂ ಹೇಳಿ ಸಂತೋಷಪಟ್ಟಳು. ಅಕ್ಕನಿಗೆ ಫೋನಿನಲ್ಲಿ ಹೇಳುವಾಗ ಅತ್ತದ್ದನ್ನು ಸೇರಿಸಿ ಹೇಳಿದೆ. ಅಕ್ಕ ನಿಜವಾಗಿಯೇ ಅತ್ತಳು. ನೀನು ಎಷ್ಟು ಹಚ್ಚಿಕೊಂಡಿದ್ದೀಯ ಎಂದಳು. ನಾನು ಆ ಮಾತನ್ನು ಬೇಡವೆನ್ನಲಿಲ್ಲ.

ಜನ್ನನ ‘ಯಶೋಧರ ಚರಿತೆ’ಯನ್ನು ಕಾಲೇಜಿನಲ್ಲಿ ಓದಿದ್ದೆವು, 1209ರ ಕಾವ್ಯ. ಹೆಂಡತಿ ಮಾವುತನ ಬಳಿ ಹೋದದ್ದನ್ನು ಕಣ್ಣಾರೆ ಕಂಡ ಅರಸ ಅದನ್ನು ತಾಯಿಗೆ ಬಾಯಿಬಿಟ್ಟು ಹೇಳಲಾರದೆ, ಕೆಟ್ಟ ಕನಸು ಕಂಡೆ ಎಂದು ಮರೆಮಾಡಿ ಹೇಳುತ್ತಾನೆ. ತಾಯಿ ಹೆದರಿ ದೇವಿಗೆ ಬಲಿ ಕೊಡಬೇಕೆನ್ನುತ್ತಾಳೆ. ಅವನು ಜೀವಹಿಂಸೆಗೆ ಒಪ್ಪದೆ ಕೊನೆಗೆ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ, ಆ ಒಂದು ಸಂಕಲ್ಪದಿಂದಲೇ ತಾಯಿ ಮಗ ಇಬ್ಬರೂ ಜನ್ಮ ಜನ್ಮ ಪ್ರಾಣಿಗಳಾಗಿ ಅಲೆಯುತ್ತಾರೆ. ಪಾಠದಲ್ಲಿ ನಮಗೆ ಹಿಟ್ಟಿನ ಕೋಳಿಯ ಬಗ್ಗೆಯೇ ಹೆಚ್ಚು ಹೇಳಿದ್ದರು, ಸಂಕಲ್ಪ ಹಿಂಸೆಯೂ ಹಿಂಸೆಯೇ ಎಂದು. ಈಗ ನನ್ನ ಗಮನ ಆ ಕೋಳಿಗಿಂತ ಮೊದಲಿನ ಜಾಗದಲ್ಲಿ ನಿಲ್ಲುತ್ತದೆ. ತಾಯಿಯ ಎದುರು ಕೂತು ಇಲ್ಲದ ಕನಸನ್ನು ಹೇಳಿದ ಆ ಗಳಿಗೆಯಲ್ಲಿ. ಅವನು ಹಗಲಿನ ನಿಜವನ್ನು ಕನಸು ಮಾಡಿದ. ನಾನು ಕನಸಿನಲ್ಲಿದ್ದ ನಿಜವನ್ನು ತೆಗೆದು ಹಗಲಿಗೆ ಒಪ್ಪುವುದನ್ನು ತುಂಬಿದೆ. ಅವನಿಗಾದರೂ ಒಂದು ಮರ್ಯಾದೆಯ ಕಾರಣವಿತ್ತು. ಹಾಗೆ ನೋಡಿದರೆ ನನಗೂ ಮರ್ಯಾದೆಯದೇ ಕಾರಣ, ಉಳಿಸಿಕೊಂಡದ್ದು ನನ್ನ ಮರ್ಯಾದೆಯನ್ನು, ಅಷ್ಟೇ ವ್ಯತ್ಯಾಸ.

ಕನಸಿಗೆ ಯಾರೂ ಹೊಣೆಯಲ್ಲ, ತಪ್ಪಿರುವುದು ಬರೆದದ್ದರಲ್ಲಿ ಮಾತ್ರ ಎಂದು ಸ್ವಲ್ಪ ಕಾಲ ಹೇಳಿಕೊಂಡೆ. ಈ ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅದೇ ನನಗೆ ಕಸಿವಿಸಿ. ಸುಳ್ಳು ಬರೆದದ್ದು ಸಣ್ಣ ತಪ್ಪು, ಅದನ್ನು ಒಪ್ಪಿಕೊಂಡರೆ ದೊಡ್ಡದನ್ನು, ಆ ಖುಷಿಯನ್ನು, ನೋಡದೆ ಬಿಟ್ಟುಬಿಡಬಹುದು. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಕನಸಿನ ಮಾತು ಬರುತ್ತದೆ. ಅಲ್ಲಿ ರಥಗಳಿಲ್ಲ, ಕುದುರೆಗಳಿಲ್ಲ, ದಾರಿಗಳಿಲ್ಲ, ಎಲ್ಲವನ್ನೂ ಕನಸು ಕಾಣುವವನೇ ಸೃಷ್ಟಿಸಿಕೊಳ್ಳುತ್ತಾನೆ, ಅವನೇ ಕರ್ತೃ ಎಂಬ ಅರ್ಥದಲ್ಲಿ. ಅಲ್ಲಿನ ಚರ್ಚೆ ಆತ್ಮದ ಬಗ್ಗೆ, ನನ್ನ ಮೇಜಿನ ಬಗ್ಗೆ ಅಲ್ಲ ಎಂದು ಗೊತ್ತು. ಆದರೂ ಕರ್ತೃ ಎಂಬುದು ಮನಸ್ಸಿನಲ್ಲಿ ಕೂತುಬಿಟ್ಟಿತು. ಖಾಲಿ ಕೋಣೆಯನ್ನು ಬೇರೆ ಯಾರೂ ತಂದು ಅಲ್ಲಿಡಲಿಲ್ಲ. ಇನ್ನೂ ಒಂದು ವಿಷಯವಿದೆ. ಕನಸಿಗೆ ಕೆಲವು ದಿನ ಮೊದಲು, ಪೂರ್ತಿ ಎಚ್ಚರದಲ್ಲಿ, ಅಮ್ಮನ ಹಾಸಿಗೆಯ ಹೊದಿಕೆ ಬದಲಿಸುತ್ತಾ ನಾನು ಆ ಕಿಟಕಿಯನ್ನು ನೋಡಿದ್ದೆ. ಮೇಜಿನ ಅಳತೆಯ ಯೋಚನೆ ಬಂದು ಹೋಗಿತ್ತು. ಬಂದಷ್ಟೇ ಬೇಗ ಹೋಗಿತ್ತು ಎನ್ನಲು ಇಷ್ಟ. ಅಷ್ಟು ಬೇಗ ಹೋಗಿರಲಿಲ್ಲ.

ಅಮ್ಮನನ್ನು ನಾನು ಪ್ರೀತಿಸುತ್ತೇನೆ. ಇದನ್ನು ಇಲ್ಲಿ ಬರೆಯಬೇಕೆನಿಸಿದ್ದೇ ಒಂದು ಥರದ ಫೇರ್ ಕಾಪಿ ಇರಬಹುದು, ಆದರೆ ಅಳಿಸುವುದಿಲ್ಲ, ಯಾಕೆಂದರೆ ಇದೂ ನಿಜ. ನಡುರಾತ್ರಿ ಏಳುವುದರ ಸುಸ್ತೂ ನಿಜ. ಎರಡನ್ನೂ ಒಂದೇ ಪುಟದಲ್ಲಿ ಬರೆಯುವುದು ಕನಸಿಗೆ ಕಷ್ಟವಾಗಲಿಲ್ಲ, ನನಗಾಯಿತು.

ಶಾರ್ಲಟ್ ಬೆರಾಟ್ ಎಂಬ ಪತ್ರಕರ್ತೆ 1933ರಿಂದ 1939ರವರೆಗೆ ಜರ್ಮನಿಯಲ್ಲಿ ಜನರ ಕನಸುಗಳನ್ನು ಕೇಳಿ ಬರೆದಿಟ್ಟವರು. ನಾಜಿಗಳ ಆಳ್ವಿಕೆಯಲ್ಲಿ ಜನರಿಗೆ ಎಂಥ ಕನಸುಗಳು ಬೀಳುತ್ತವೆ ಎಂದು ತಿಳಿಯುವುದಕ್ಕೆ. ಸಿಕ್ಕಿಬಿದ್ದರೆ ಗತಿಯಿಲ್ಲವೆಂದು ಹೆಸರುಗಳನ್ನು ಬದಲಿಸಿ, ಪಕ್ಷಕ್ಕೆ ‘ಸಂಸಾರ’ ಎಂದೂ ಬಂಧನಕ್ಕೆ ‘ಫ್ಲೂ’ ಎಂದೂ ಬರೆದು, ಆ ಹಾಳೆಗಳನ್ನು ಪುಸ್ತಕಗಳ ರಟ್ಟಿನ ಒಳಗೆ ಅಡಗಿಸಿಟ್ಟರಂತೆ. 1966ರಲ್ಲಿ ಅದು ಪುಸ್ತಕವಾಯಿತು. ಅದರ ಬಗ್ಗೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರು ಬದಲಿಸಿ ಬರೆದದ್ದು ಕನಸು ಉಳಿಯಲಿ ಎಂದು, ಮನೆಬಾಗಿಲಿಗೆ ಪೊಲೀಸರು ಬರಬಹುದಾದ ಕಾಲದಲ್ಲಿ. ನನ್ನ ಮನೆಬಾಗಿಲಿಗೆ ಯಾರೂ ಬರುವವರಿರಲಿಲ್ಲ. ನಾನು ಬದಲಿಸಿದ್ದು ಕನಸು ಉಳಿಯದಿರಲಿ ಎಂದೇ.

ಪುಸ್ತಕಕ್ಕೆ ಹೇಳದ್ದನ್ನು ಇಲ್ಲಿ, ಗುರುತಿಲ್ಲದ ನಿಮ್ಮ ಮುಂದೆ, ಇಷ್ಟು ಸುಲಭವಾಗಿ ಹೇಗೆ ಹೇಳುತ್ತಿದ್ದೇನೆ ಎಂಬುದೂ ನನ್ನನ್ನು ಕಾಡುತ್ತದೆ. ಲೇಖನದಲ್ಲಿ ತಪ್ಪೊಪ್ಪಿಕೊಂಡರೆ ಓದಿದವರು ಪ್ರಾಮಾಣಿಕಳು ಎನ್ನುತ್ತಾರೆ. ಅಕ್ಕನ ಫೋನಿನಿಂದ ನನಗೆ ಸಿಕ್ಕಿದ್ದೂ ಹೆಚ್ಚುಕಡಿಮೆ ಇಂಥದೇ ಒಂದು ಮೆಚ್ಚುಗೆ. ಪುಸ್ತಕದ ಪುಟ ಯಾವ ಮೆಚ್ಚುಗೆಯನ್ನೂ ಕೊಡುವುದಿಲ್ಲ. ಅಲ್ಲಿ ‘ಖುಷಿಯಾಯಿತು’ ಎಂದು ಬರೆದರೆ ಅದನ್ನು ಓದುವವಳು ನಾನೊಬ್ಬಳೇ, ಓದಿ ಏನೂ ಹೇಳುವವಳಲ್ಲ. ಇದು ಕಾರಣವಿರಬಹುದು. ಪೂರ್ತಿ ಕಾರಣ ಇದೇ ಎನ್ನುವ ಧೈರ್ಯವಿಲ್ಲ.

ಮೊನ್ನೆ ಪುಸ್ತಕವನ್ನು ಮೊದಲಿಂದ ಓದಿದೆ, ಇನ್ನೆಲ್ಲೆಲ್ಲಿ ಹೀಗೆ ಮಾಡಿದ್ದೇನೆ ನೋಡೋಣ ಎಂದು. ಗೊತ್ತಾಗಲಿಲ್ಲ. ಬಸ್‌ಸ್ಟ್ಯಾಂಡಿನ ಆ ವ್ಯಕ್ತಿ ಈಗ ನನ್ನ ನೆನಪಿನಲ್ಲೂ ಬೆನ್ನು ತಿರುಗಿಸಿಯೇ ನಿಂತಿದ್ದಾನೆ. ಬೇರೆ ಪುಟಗಳಲ್ಲಿ ಅತ್ತದ್ದು, ಕ್ಷಮಿಸಿದ್ದು, ಯಾರಿಗೋ ಕೈಕೊಟ್ಟು ಎಬ್ಬಿಸಿದ್ದು ಎಲ್ಲ ಇವೆ. ಅವು ಕನಸಿನಲ್ಲಿದ್ದವೋ ಕಾಫಿಯ ನಂತರ ಬಂದವೋ ಹೇಳಲಾರೆ. ಫೇರ್ ಕಾಪಿ ಮಾಡಿಯಾದ ಮೇಲೆ ನೆನಪು ಅದನ್ನೇ ಹಿಡಿದುಕೊಂಡಿದೆ. ತಾಳೆ ನೋಡಬಹುದಾಗಿದ್ದುದು ಚೀಟಿಗಳ ಜೊತೆ. ಅವನ್ನು ನಾನು ಆಯಾ ದಿನವೇ ಹರಿದುಹಾಕುತ್ತಿದ್ದೆ, ಕಸ ಯಾಕೆ ಎಂದು. ಅಮ್ಮನ ಕನಸಿನ ಚೀಟಿಯನ್ನು ಎಂದಿಗಿಂತ ಸಣ್ಣಗೆ ಹರಿದಿದ್ದೆ.

ಆ ಪುಟದಲ್ಲಿ ‘ತುಂಬಾ ಅತ್ತೆ’ ಎಂಬುದು ಈಗಲೂ ಹಾಗೇ ಇದೆ. ಹೊಡೆದುಹಾಕಿ ಸರಿಯಾದದ್ದನ್ನು ಬರೆಯಲು ಕೂತಾಗಲೆಲ್ಲ, ಅಮ್ಮ ಯಾವತ್ತಾದರೂ ಈ ಪುಸ್ತಕ ತೆರೆದರೆ ಎಂಬ ನೆಪ ಬರುತ್ತದೆ. ಅಮ್ಮನಿಗೆ ಈಗ ಓದಲು ಆಗುವುದಿಲ್ಲ.

ನೀವು ಕನಸು ಬರೆದಿಡುವ ಯೋಚನೆಯಲ್ಲಿದ್ದರೆ ಒಂದು ಮಾತು ಕೇಳಿ. ಒಳ್ಳೆಯ ಪುಸ್ತಕ ಕೊಳ್ಳಬೇಡಿ. ಕತ್ತಲಲ್ಲಿ ಗೀಚಿದ ಚೀಟಿ ಓದಲು ಬಾರದಿದ್ದರೂ ಸರಿ, ತಾರೀಖು ಹಾಕಿ ಅದನ್ನೇ ಒಂದು ಡಬ್ಬದಲ್ಲಿಡಿ. ಹರಿಯಬೇಡಿ.