ಒರಲಿಯ ದಾರಿ

ಗೆದ್ದಲಿಗೆ ನಮ್ಮ ಗಡಿಭಾಗದಲ್ಲಿ ಹೆಸರುಗಳ ಕೊರತೆಯಿಲ್ಲ. ಮನೆಯ ಹಿರಿಯರಿಗೆ ಅದು ಒರಲಿ, ತೆಲುಗಿನ ನೆರೆಯವರಿಗೆ ಚೆದಲು, ಸಂತೆಯ ಉರ್ದುವಿನಲ್ಲಿ ದೀಮಕ್. ಜಹೀರಾಬಾದಿನ ಕೆಂಪು ನೆಲವಾಗಲಿ, ನಾರಾಯಣಖೇಡದ ಎರೆ ಹೊಲವಾಗಲಿ, ತಾಂಡೂರಿನ ಪರಸಿ ಕಲ್ಲು ಹಾಸಿದ ಪಡಸಾಲೆಯಾಗಲಿ ಅದಕ್ಕೆ ಅಡ್ಡಿಯಲ್ಲ. ಕಲ್ಲನ್ನು ಕೊರೆಯಲಾರದು, ನಿಜ. ಎರಡು ಕಲ್ಲುಗಳ ನಡುವಿನ ಸಂದಿಯೇ ಅದಕ್ಕೆ ಸಾಕು.

ಇಷ್ಟು ಮೆದುಮೈಯ ಜೀವಿ ನೆಲದೊಳಗಿನ ಕತ್ತಲೆಯಲ್ಲಿ ಆಹಾರವನ್ನು ಅರಸುವ ಬಗೆ ಸೋಜಿಗದ್ದು. ಹುತ್ತ ಕಟ್ಟುವ ಗೆದ್ದಲುಗಳಲ್ಲಿ ದುಡಿಯುವ ಹುಳುಗಳಿಗೆ ಕಣ್ಣಿಲ್ಲ. ಅವು ಮಣ್ಣಿನ ಕಣಗಳನ್ನು ದವಡೆಯಿಂದ ಒಂದೊಂದಾಗಿ ಕಿತ್ತು, ಎಂಜಲಿನಲ್ಲಿ ನಾದಿ, ಸುರಂಗದ ಗೋಡೆಗೆ ಮೆತ್ತುತ್ತ ಸಾಗುತ್ತವೆ. ಗೂಡಿನಿಂದ ಹೊರಟ ದಾರಿ ಕವಲೊಡೆಯುತ್ತದೆ. ಆ ಕವಲೂ ಮತ್ತೆ ಕವಲೊಡೆಯುತ್ತದೆ. ಯಾವುದಾದರೊಂದು ಕವಲಿಗೆ ಒಣ ಕಟ್ಟಿಗೆ ಎದುರಾಯಿತೆನ್ನಿ. ಅದನ್ನು ಕಂಡುಕೊಂಡ ಹುಳು ಮರಳುವಾಗ ಹೊಟ್ಟೆಯಡಿಯ ಗ್ರಂಥಿಯಿಂದ ವಾಸನೆಯ ಗೆರೆಯೊಂದನ್ನು ಎಳೆಯುತ್ತ ಬರುತ್ತದೆ. ಆ ಗೆರೆ ಹಿಡಿದು ಹತ್ತು ಹುಳುಗಳು ಹೋಗುತ್ತವೆ, ಹತ್ತರ ಹಿಂದೆ ನೂರು. ನಡೆದಷ್ಟೂ ಗೆರೆ ಗಟ್ಟಿಯಾಗುತ್ತದೆ. ಏನೂ ದೊರೆಯದ ಕವಲುಗಳಲ್ಲಿ ವಾಸನೆ ಆರಿಹೋಗಿ, ಆ ದಾರಿಗಳು ಪಾಳು ಬೀಳುತ್ತವೆ.

ಬಿಸಿಲು, ಒಣಗಾಳಿ ಮತ್ತು ಇರುವೆ ಅದರ ಹಗೆಗಳು. ಆದ್ದರಿಂದಲೇ ಗೋಡೆಯನ್ನೋ ಮರವನ್ನೋ ಏರುವಾಗ ಮಣ್ಣಿನ ಕೊಳವೆ ಕಟ್ಟಿಕೊಂಡು, ಅದರೊಳಗಿನ ತೇವದಲ್ಲಿ ನಡೆಯುತ್ತದೆ. ಅಗಿದು ನುಂಗಿದ ಕಟ್ಟಿಗೆಯನ್ನು ಗೂಡಿನಲ್ಲಿ ಸ್ಪಂಜಿನಂತೆ ಪೇರಿಸಿ, ಅದರ ಮೇಲೆ ಶಿಲೀಂಧ್ರ ಬೆಳೆಸಿ ಉಣ್ಣುತ್ತದೆ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆ ಆ ತೋಟದ್ದೇ. ಹೊಲದಲ್ಲುಳಿದ ತೊಗರಿ ಕಟ್ಟಿಗೆ, ಜೋಳದ ಕೂಳೆ ಮತ್ತೆ ಮಣ್ಣಾಗುವುದರಲ್ಲಿಯೂ ಮಳೆನೀರು ನೆಲಕ್ಕಿಳಿಯುವುದರಲ್ಲಿಯೂ ಅದರ ಪಾಲಿದೆ. ಹಾಗಾಗಿ ಅದನ್ನು ಬರಿಯ ಪಿಡುಗೆನ್ನಲು ನನಗೆ ಮನಸ್ಸಿಲ್ಲ.

ಆದರೆ ಗೆದ್ದಲಿಗೆ ಪುಸ್ತಕವೂ ಕಟ್ಟಿಗೆಯೇ. ಎರಡು ಶತಮಾನಗಳ ಹಿಂದೆ ದಕ್ಷಿಣ ಅಮೆರಿಕವನ್ನು ಸುತ್ತಿದ ಜರ್ಮನ್ ವಿಜ್ಞಾನಿ ಹಂಬೋಲ್ಟ್, ಅಲ್ಲಿ ಐವತ್ತು ಅರವತ್ತು ವರ್ಷಕ್ಕಿಂತ ಹಳೆಯ ಕಾಗದಪತ್ರ ಕಾಣಸಿಗುವುದೇ ಅಪರೂಪವೆಂದು ಬರೆದಿದ್ದಾನೆ. ಈ ಮಾತು ನಮಗೂ ನಾಟಬೇಕು. ನಿಜಾಮರ ಆಡಳಿತದ ಭಾಷೆ ಉರ್ದುವಾಗಿದ್ದುದರಿಂದ ಆ ಕಾಲದಲ್ಲಿ ಮನೆಗೆ ಬಂದ ಕನ್ನಡ ಪುಸ್ತಕ ಅಮೂಲ್ಯವಾಗಿತ್ತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ನಾರಾಯಣಖೇಡ, ನಿರ್ಣಾ ಭಾಗವನ್ನುಳಿದ ಜಹೀರಾಬಾದ್, ಕಲಬುರಗಿ ಜಿಲ್ಲೆಯ ತಾಂಡೂರು ಆಂಧ್ರಪ್ರದೇಶಕ್ಕೆ ಸೇರಿದವು. ಅದಕ್ಕೂ ಹಿಂದಿನ ಕನ್ನಡ ಹಾಳೆಗಳು ಇಂದು ನಮ್ಮ ಮನೆಗಳಲ್ಲಿ ಉಳಿದಿದ್ದರೆ, ಅವು ಹಂಬೋಲ್ಟ್ ಹೇಳಿದ ಆಯುಷ್ಯವನ್ನು ದಾಟಿ ನಿಂತಿವೆ.

ನಾರಾಯಣಖೇಡದ ಕಡೆಯ ಹಳ್ಳಿಯಲ್ಲಿದ್ದ ನಮ್ಮ ಸೋದರಮಾವ ಭಜನೆಯ ಪದಗಳನ್ನು ನೋಟುಬುಕ್ಕುಗಳಲ್ಲಿ ಬರೆದಿಟ್ಟಿದ್ದರು. ಅವರ ತರುವಾಯ ಆ ಮರದ ಪೆಟ್ಟಿಗೆ ಹನ್ನೊಂದು ವರ್ಷ ಗೋಡೆಗೊರಗಿಯೇ ಇತ್ತು. ಮೊಮ್ಮಕ್ಕಳ ಓದು ತೆಲುಗು, ಇಂಗ್ಲಿಷಿನಲ್ಲಿ; ಅದನ್ನು ತೆರೆಯುವ ಕಾರಣ ಯಾರಿಗೂ ಇರಲಿಲ್ಲ. ಮನೆ ದುರಸ್ತಿಗೆಂದು ಎತ್ತಿದಾಗ ಪೆಟ್ಟಿಗೆ ಹಗುರಾಗಿತ್ತು. ಹೊರಮೈ ನುಣುಪು, ಬೀಗ ಗಟ್ಟಿ. ಒಳಗೆ ರಟ್ಟುಗಳ ನಡುವೆ ಮಣ್ಣು. ಪರಸಿಯ ಸಂದಿಯಿಂದೆದ್ದ ಹುಳು ಪೆಟ್ಟಿಗೆಯ ತಳದಿಂದಲೇ ಒಳಹೊಕ್ಕಿತ್ತು. ಹೊರಗೆ ಒಂದು ಕೊಳವೆಯೂ ಕಾಣುವಂತಿರಲಿಲ್ಲ.

ಓದಲು ಬಾರದ ನಮ್ಮ ಅತ್ತೆ ಅದನ್ನು ನೋಡಿ, “ಹೋದ್ರ ಹೋಗ್ಲಿ ಬಿಡಪ್ಪ. ಹಾಳಿ ತಿಂದಾವ, ಪದ ನನ್ನ ಬಾಯಾಗ ಅವ” ಎಂದರು. ನಾಲ್ಕು ಸಂಜೆ ಅವರು ಹಾಡಿದರು. ಎಂಟನೆಯ ತರಗತಿಯ ಮೊಮ್ಮಗಳು ತನಗೆ ಬಂದ ತೆಲುಗು ಲಿಪಿಯಲ್ಲೇ ಆ ಕನ್ನಡ ಪದಗಳನ್ನು ಬರೆದುಕೊಂಡಳು. ಅವನ್ನು ನಾನು ಕನ್ನಡಕ್ಕಿಳಿಸುವಾಗ ಪಕ್ಕದಲ್ಲಿ ಕುಳಿತು, ಎರಡೂ ಲಿಪಿಗಳ ಒಡಹುಟ್ಟಿತನವನ್ನು ತಾನೇ ಕಂಡುಕೊಂಡು, ಕೆಲವೇ ದಿನಗಳಲ್ಲಿ ಅಜ್ಜನ ಪದಗಳನ್ನು ಕನ್ನಡದಲ್ಲಿ ಓದತೊಡಗಿದಳು. ಇಪ್ಪತ್ಮೂರು ಪದಗಳು ಉಳಿದವು. ಮತ್ತೂ ಐದು ಪದಗಳ ಕೊನೆಯ ನುಡಿಗಳು ಅತ್ತೆಗೂ ನೆನಪಿರಲಿಲ್ಲ. ಅವು ಹೋದವು.

ಗೆದ್ದಲು ಯಾರ ಭಾಷೆಯನ್ನೂ ಹುಡುಕಿಕೊಂಡು ಬರುವುದಿಲ್ಲ. ಅಲುಗಾಟವಿಲ್ಲದ, ಬೆಳಕು ಬೀಳದ ಕಡೆ ಅದು ನಿಶ್ಚಿಂತೆಯಿಂದ ದಾರಿ ಮಾಡಿಕೊಳ್ಳುತ್ತದೆ. ವಾರಕ್ಕೊಮ್ಮೆ ಕೈಯಾಡುವ ಕಪಾಟಿನಲ್ಲಿ ಅದರ ಮೊದಲ ಗೆರೆಯೇ ಕಣ್ಣಿಗೆ ಬೀಳುತ್ತದೆ. ಪುಸ್ತಕಗಳನ್ನು ಗೋಡೆಯಿಂದ ನಾಲ್ಕು ಬೆರಳು ದೂರ, ಕಾಲುಳ್ಳ ಕಬ್ಬಿಣದ ಸ್ಟ್ಯಾಂಡಿನ ಮೇಲಿಡುವುದು ಒಳ್ಳೆಯದು. ಗೋಡೆಯ ಮೇಲೆ ಮಣ್ಣಿನ ಕೊಳವೆ ಕಂಡರೆ ಸ್ವಲ್ಪ ಮುರಿದು ನೋಡಬೇಕು. ನಾಲ್ಕಾರು ದಿನಗಳಲ್ಲಿ ಅದು ಮತ್ತೆ ಕೂಡಿಕೊಂಡರೆ ಹುಳು ಒಳಗೇ ಓಡಾಡುತ್ತಿದೆ ಎಂದರ್ಥ.

ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಇಂಥ ಪೆಟ್ಟಿಗೆಗಳು ಇನ್ನೂ ಇದ್ದಾವು. ಮೃಗಶಿರಾ ಮಳೆಗೆ ಮುನ್ನ ಒಮ್ಮೆ ಅವನ್ನು ತೆರೆಯಿರಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತೆರೆಯಿರಿ.