ಅಗ್ಗದ ಹೆಡ್‌ಫೋನೂ ನಮ್ಮ ಕಿವಿಯೂ

ಮಧುಗಿರಿಯಿಂದ ಪಾವಗಡಕ್ಕೆ ದಿನವೂ ಬಸ್ಸಿನಲ್ಲಿ ಹೋಗಿಬರುವ ನಮಗೆ ಸಂಗೀತವೇ ದಾರಿಯ ಸಂಗಾತಿ. ಒಂದು ರಾತ್ರಿ ಮನೆ ಸೇರಿದ ಮೇಲೆಯೂ ಕಿವಿಯೊಳಗೆ ಜೀರುಂಡೆಯ ದನಿ ನಿಲ್ಲಲಿಲ್ಲ, ಬೆಳಗಾಗುವವರೆಗೂ ಭಯಪಟ್ಟೆವು. ಮರುದಿನವೇ ಮನೆಯಲ್ಲಿದ್ದ ಎರಡು ಅಗ್ಗದ ಹೆಡ್‌ಫೋನುಗಳನ್ನು ಪರೀಕ್ಷಿಸಲು ಕುಳಿತೆವು.

ಒಂದು, ನಾವು ಬಸ್ಸಿಗೆ ಒಯ್ಯುತ್ತಿದ್ದ, ಕಿವಿಯ ಮೇಲೆ ಕೂರುವ ಸ್ಪಂಜಿನದು. ಮತ್ತೊಂದು, ರಬ್ಬರಿನ ತುದಿಯು ಕಿವಿಯೊಳಗೆ ಸೇರುವಂಥದು. ಮೈಸೂರಿನ ವೈಣಿಕರಾದ ದೊರೆಸ್ವಾಮಿ ಅಯ್ಯಂಗಾರರ ವಾದನವನ್ನು ಎರಡರಲ್ಲಿಯೂ ಕೇಳಿದೆವು. ಸ್ಪಂಜಿನದರಲ್ಲಿ ವೀಣೆಯ ಮೀಟು ತಿಳಿಯಾಗಿದ್ದಿತು. ಮೃದಂಗದ ಎಡಭಾಗದ ಗುಂಕಾರ ಮಾತ್ರ ತೆಳುವು. ರಬ್ಬರಿನದು ಸಡಿಲವಾಗಿದ್ದಾಗ ಇನ್ನೂ ಪೇಲವ. ಅಳತೆಗೆ ಸರಿಯಾದ ತುದಿಯನ್ನು ತೊಡಿಸಿದೊಡನೆ ಗುಂಕಾರವು ತುಂಬಿಬಂದಿತು. ಕಿವಿಯ ಬಾಯಿ ಮುಚ್ಚದಿದ್ದರೆ ತಗ್ಗು ನಾದವು ಹೊರಗೆ ಸೋರಿಹೋಗುವುದು.

ಗಟ್ಟಿಯಾಗಿ ನುಡಿಯುವುದೇ ಇಂಪೆಂದು ಮನಸ್ಸು ಮೋಸಹೋಗುವುದುಂಟು. ಆದಕಾರಣ ಎರಡರ ದನಿಯನ್ನೂ ಸಮಮಾಡಿಯೇ ಹೋಲಿಸಬೇಕು.

ನಮ್ಮ ತಪ್ಪು ಆಗ ತಿಳಿಯಿತು. ಸ್ಪಂಜಿನದು ಬಸ್ಸಿನ ಗದ್ದಲವನ್ನೆಲ್ಲ ಒಳಬಿಡುತ್ತಿದ್ದುದರಿಂದ ನಾವು ದನಿಯನ್ನು ಏರಿಸುತ್ತಲೇ ಹೋಗಿದ್ದೆವು. ವಯಸ್ಕರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿರುವ ಮಿತಿ. ದನಿಯು 3 ಡೆಸಿಬೆಲ್ ಏರಿದರೆ ಆ ಅವಧಿಯು ಅರ್ಧಕ್ಕಿಳಿಯುವುದು.

ಈಗ ಸ್ಪಂಜಿನದು ಮನೆಗೆ, ರಬ್ಬರಿನದು ಬಸ್ಸಿಗೆ; ರಸ್ತೆಗಿಳಿಯುವಾಗ ಅದು ಜೇಬಿಗೆ. ಹೆಡ್‌ಫೋನು ಕೆಟ್ಟರೆ ಶಿರಾ ಪೇಟೆಯಲ್ಲಾಗಲಿ ಕೊರಟಗೆರೆಯಲ್ಲಾಗಲಿ ಇನ್ನೊಂದನ್ನು ಕೊಳ್ಳಬಹುದು. ಕಿವಿಯನ್ನು ಎಲ್ಲಿ ಕೊಳ್ಳೋಣ?